ಕೀಲಿಕೈ ಕೊಡುವ ಮುನ್ನ

ಬದಿಯಡ್ಕದ ಆಸುಪಾಸಿನ ನಿವೃತ್ತ ಮಾಸ್ತರರೊಬ್ಬರು ತಮ್ಮ ಕಡುನೀಲಿ ಬಣ್ಣದ ಪುಟ್ಟ ಪೆಟ್ರೋಲ್ ಕಾರನ್ನು ಎರಡನೆಯ ವರ್ಷದ ಸರ್ವೀಸಿಗೆಂದು ಮಂಗಳೂರಿಗೆ ಒಯ್ದಿದ್ದರು. ಸಂಜೆ ಮರಳಿ ತಂದು ಅಂಗಳದಲ್ಲಿ ನಿಲ್ಲಿಸಿದಾಗ ಅದು ಅಂದೇ ಕೊಂಡು ತಂದಂತೆ ಹೊಳೆಯುತ್ತಿತ್ತು. ಟಯರುಗಳಿಗೆ ಕಪ್ಪು ಮೆರುಗು, ಒಳಗೆಲ್ಲ ಸುಗಂಧ, ಬಾನೆಟ್ ಎತ್ತಿದರೆ ಎಂಜಿನಿನ ಮೇಲೂ ಎಣ್ಣೆ ಸವರಿದಂತಹ ನುಣುಪು. ನೆರೆಮನೆಯವರು ಚಾವಡಿಯಿಂದ ಇಳಿದು ಬಂದು ನೋಡಿ ಮೆಚ್ಚಿದರು. ಮರುದಿನ ಬೆಳಗ್ಗೆ, ಪತ್ನಿಯನ್ನು ಡಯಾಲಿಸಿಸಿಗೆ ಕರೆದೊಯ್ಯಲು ಮಾಸ್ತರರು ಕಾರಿನ ಬಳಿ ಬಂದಾಗ, ಅಡಿಕೆ ಮರಗಳ ನಡುವಿನಿಂದ ಓರೆಯಾಗಿ ಬಂದ ಬಿಸಿಲು ಬಾನೆಟಿನ ಮೇಲೆ ಬಿದ್ದಿತ್ತು. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೀರುಗಳು ವರ್ತುಲ ವರ್ತುಲವಾಗಿ ಹರಡಿಕೊಂಡಿದ್ದವು. ಬಾಗಿಲಿನ ಮೇಲೆಯೂ ಅದೇ, ಹಿಂಬದಿಯಲ್ಲೂ ಅದೇ. ಹಿಂದಿನ ದಿನ ಹೋಗುವಾಗ ಅವು ಇರಲಿಲ್ಲ.

ಗೀರುಗಳನ್ನು ನೋಡುತ್ತ ನಿಲ್ಲಲು ಸಮಯವಿರಲಿಲ್ಲ. ಆಸ್ಪತ್ರೆಯಲ್ಲಿ ಅವರ ಸರದಿ ಒಂಬತ್ತೂವರೆಗೆ. ಸರದಿ ತಪ್ಪಿದರೆ ಯಂತ್ರ ಮುಂದಿನ ರೋಗಿಯ ಪಾಲಾಗುತ್ತದೆ. ಕಾರು ಹೊರಡುವಾಗಲೇ ತುಸು ನಡುಗಿತು. ಬೆಳಗಿನ ತಂಪಿಗೆ ಹಾಗಾಗಿರಬೇಕೆಂದು ಮಾಸ್ತರರು ಲಕ್ಷ್ಯ ಕೊಡಲಿಲ್ಲ. ಕುಂಬಳೆಗೆ ಬಂದು ಹೆದ್ದಾರಿ ಸೇರುವಷ್ಟರಲ್ಲಿ ನಡುಕ ಹೆಚ್ಚಿತ್ತು. ಉಪ್ಪಳ ಸಮೀಪಿಸುತ್ತಿದ್ದಂತೆ ಎಂಜಿನಿನ ಚಿತ್ರವುಳ್ಳ ಹಳದಿ ದೀಪ ಮಿಟುಕತೊಡಗಿ, ಆಕ್ಸಿಲರೇಟರ್ ಒತ್ತಿದರೂ ವೇಗ ಬಾರದಾಯಿತು. ಪತ್ನಿಯನ್ನೂ ಜೊತೆಗಿದ್ದ ಸೊಸೆಯನ್ನೂ ದಾರಿಯಲ್ಲಿ ಬಂದ ಬಾಡಿಗೆ ಕಾರಿನಲ್ಲಿ ಕಳುಹಿಸಿ, ಮಾಸ್ತರರು ತಮ್ಮ ಕಾರನ್ನು ಮೆಲ್ಲನೆ ಉಪ್ಪಳದ ಒಂದು ಸಣ್ಣ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಗ್ಯಾರೇಜಿನ ಯಜಮಾನ ಅವರ ಹಳೆಯ ಶಿಷ್ಯ. ಈ ಜಿಲ್ಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರಿಗೆ ಅಂಥವರು ಪ್ರತಿ ಪೇಟೆಯಲ್ಲಿಯೂ ಸಿಗುತ್ತಾರೆ. ಆತ ಮೇಲಿನ ಮುಚ್ಚಳ ತೆಗೆದು, ಒಂದು ಇಗ್ನಿಷನ್ ಕಾಯಿಲನ್ನು ಎಳೆದು ತೋರಿಸಿದ. ಅದರ ರಬ್ಬರು ಒದ್ದೆಯಾಗಿತ್ತು. ಸ್ಪಾರ್ಕ್ ಪ್ಲಗ್ ಕೂತಿದ್ದ ಕುಳಿಯಲ್ಲಿ ನೀರು.

“ಎಂಜಿನಿಗೆ ಸ್ನಾನ ಮಾಡಿಸಿದ್ದಾರೆ ಮಾಷ್ಟ್ರೇ,” ಎಂದ ಆತ.

ಸರ್ವೀಸಿಗೆ ಕೊಟ್ಟ ಕಾರು ಹಾಳಾಗಿ ಬರುವುದೆಂದರೆ ಬಿಡಿಭಾಗ ಕದ್ದದ್ದೋ ಎಣ್ಣೆ ಬದಲಿಸದೆ ಬಿಲ್ಲು ಬರೆದದ್ದೋ ಇರಬೇಕೆಂದು ಜನ ಊಹಿಸುವುದುಂಟು. ಅಂಥವೂ ನಡೆಯದೆ ಇಲ್ಲ. ಆದರೆ ಹೆಚ್ಚಿನ ಹಾನಿಯಾಗುವುದು ಮೋಸದಿಂದಲ್ಲ, ಉಚಿತವೆಂದು ಕೊಡುವ ಉಪಚಾರದಿಂದ. ಸರ್ವೀಸಿನ ಕೊನೆಯಲ್ಲಿ ಗ್ರಾಹಕನನ್ನು ಮೆಚ್ಚಿಸಲೆಂದು ಮಾಡುವ ತೊಳೆತವೇ ಬಣ್ಣಕ್ಕೆ ಮೊದಲ ಶತ್ರು, ಕೆಲವೊಮ್ಮೆ ಎಂಜಿನಿಗೂ.

ಕಾರಿನ ಬಣ್ಣವೆನ್ನುವುದು ಕಣ್ಣಿಗೆ ಕಾಣುವಷ್ಟು ದಪ್ಪವಾದ ವಸ್ತುವಲ್ಲ. ಕಾರ್ಖಾನೆಯಲ್ಲಿ ಲೋಹದ ಮೈಯನ್ನು ಮೊದಲು ವಿದ್ಯುತ್ ಹರಿಸಿದ ದ್ರವದಲ್ಲಿ ಮುಳುಗಿಸಿ ತುಕ್ಕುನಿರೋಧಕ ಪದರವನ್ನು ಹಿಡಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ನಿಜವಾದ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಲೇಪವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ. ಮಿಲಿಮೀಟರಿನ ಸಾವಿರದ ಒಂದಂಶವೇ ಒಂದು ಮೈಕ್ರಾನ್. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಬಿಸಿಲನ್ನೂ ಮಳೆಯನ್ನೂ ತಡೆಯಬೇಕಾದ ಕ್ಲಿಯರ್ ಕೋಟಿನ ಪಾಲು 40 ಮೈಕ್ರಾನಿನ ಆಸುಪಾಸು, ಎಂದರೆ ಒಂದು ಕೂದಲಿಗಿಂತ ತೆಳು. ಗೀರು ಬೀಳುವುದು ಇದರ ಮೇಲೆ. ಗೀರು ತೆಗೆಯಲೆಂದು ‘ರಬ್ಬಿಂಗ್’ ಮಾಡಿಸಿದರೆ ತೆಗೆಯುವುದೂ ಇದನ್ನೇ. ಗೀರಿನ ತಳದವರೆಗೆ ಸುತ್ತಲಿನ ಲೇಪವನ್ನೆಲ್ಲ ತೇದು ಸಮ ಮಾಡಿದಾಗ ಹೊಳಪು ಬರುತ್ತದೆ, ಆಯುಷ್ಯ ಹೋಗುತ್ತದೆ. ವರ್ಷಕ್ಕೊಮ್ಮೆ ಗೀರಿಸಿ ವರ್ಷಕ್ಕೊಮ್ಮೆ ತೇಯಿಸಿದರೆ ಕೆಲವು ವರ್ಷಗಳಲ್ಲಿ ಛಾವಣಿಯ ಮೇಲೆ ಬಿಳಿಯ ಸಿಬ್ಬಿನಂತಹ ತೇಪೆಗಳು ಏಳುತ್ತವೆ. ಅಲ್ಲಿಗೆ ಕ್ಲಿಯರ್ ಕೋಟ್ ಮುಗಿಯಿತು. ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಸದೆ ಬೇರೆ ಉಪಾಯವಿಲ್ಲ.

ಗಡಿನಾಡಿನ ಕಾರಿಗೆ ಇದರಲ್ಲಿ ಒಂದು ವಿಶೇಷ ಕಷ್ಟವಿದೆ. ಇಲ್ಲಿಯ ಧೂಳು ಕೆಂಪುಕಲ್ಲಿನ ಧೂಳು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಜನರು ಇದನ್ನು ನೆಲದಿಂದ ಕಡಿದು ಇಟ್ಟಿಗೆಯಂತೆ ಬಳಸುವುದನ್ನು ಕಂಡು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ ಆತ ಆ ಹೆಸರನ್ನು ರೂಪಿಸಿದ. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಆತನ ಪ್ರವಾಸಗ್ರಂಥ ಪ್ರಕಟವಾದದ್ದು 1807ರಲ್ಲಿ. ಬೇಕಲದ ಕೋಟೆ ನಿಂತಿರುವುದು ಈ ಕಲ್ಲಿನಿಂದಲೇ. ಶತಮಾನಗಳ ಕಡಲಗಾಳಿಯನ್ನು ತಡೆದುಕೊಂಡ ಕಲ್ಲು ಅದು. ಅದರ ಪುಡಿಯಲ್ಲಿ ಕಬ್ಬಿಣದ ಆಕ್ಸೈಡಿನ ಕಣಗಳೂ ಬೆಣಚುಕಲ್ಲಿನ ಕಣಗಳೂ ಇರುತ್ತವೆ. ಬೆಣಚುಕಲ್ಲು ಗಾಜನ್ನು ಸಹ ಗೀರಬಲ್ಲದು. ಇನ್ನು ಕೂದಲಿಗಿಂತ ತೆಳುವಾದ ಲೇಪದ ಪಾಡೇನು? ಹೆದ್ದಾರಿ ಅಗಲೀಕರಣದ ಕಾಲದಲ್ಲಿ ತಲಪಾಡಿಯಿಂದ ಇತ್ತ ಓಡಾಡಿದ ಪ್ರತಿಯೊಂದು ವಾಹನದ ಮೇಲೂ ಈ ಪುಡಿಯ ಪದರವಿತ್ತು. ಅದನ್ನು ಒಣಗಿದ ಬೈರಾಸಿನಿಂದ ಉಜ್ಜುವವನು ಉಪ್ಪುಕಾಗದ ಹಿಡಿದು ಉಜ್ಜುವವನಿಗಿಂತ ಬಹಳ ಭಿನ್ನನಲ್ಲ.

ಸರ್ವೀಸ್ ಕೇಂದ್ರದ ತೊಳೆಯುವ ಜಾಗದಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಸಂಜೆ ನಾಲ್ಕು ಗಂಟೆಯ ಬಳಿಕ ಎಲ್ಲ ಕಾರುಗಳೂ ಒಮ್ಮೆಲೇ ಸಿದ್ಧವಾಗುತ್ತವೆ. ಎಲ್ಲ ಗ್ರಾಹಕರೂ ಕಾಯುತ್ತಿರುತ್ತಾರೆ. ತೊಳೆಯುವ ಹುಡುಗರಿಗೆ ಒಂದೊಂದು ಕಾರಿಗೆ ಸಿಗುವುದು ಕೆಲವೇ ನಿಮಿಷ. ಮೇಲಿನ ಧೂಳು ಪೂರ್ತಿ ಇಳಿದುಹೋಗುವ ಮೊದಲೇ ನೊರೆಯ ಮೇಲೆ ಸ್ಪಂಜು ಓಡುತ್ತದೆ. ಚಕ್ರದ ಕೆಸರನ್ನು ಒರೆಸಿದ ಬಟ್ಟೆಯೇ ಬಾನೆಟಿಗೂ ಬರುತ್ತದೆ. ಹಿಂದಿನ ಕಾರಿನ ಮಣ್ಣು ಮುಂದಿನ ಕಾರಿನ ಮೈಗೆ ಬರುತ್ತದೆ. ಬಟ್ಟೆ ನೆಲಕ್ಕೆ ಬಿದ್ದರೆ ಎತ್ತಿ, ಒಮ್ಮೆ ಕೊಡವಿ, ಮತ್ತೆ ಅದರಲ್ಲಿಯೇ ಒರೆಸುವುದು. ಕೈ ತಿರುಗುವುದು ವರ್ತುಲಾಕಾರವಾಗಿ. ಗೀರುಗಳೂ ಬಿಸಿಲಿನಲ್ಲಿ ಬಲೆಯಂತೆ ತೋರುತ್ತವೆ. ಬಿಳಿ ಕಾರಿನಲ್ಲಿ ಇದು ಅಷ್ಟಾಗಿ ಕಾಣಿಸದು. ಕಪ್ಪು, ಕಡುನೀಲಿ, ಕಡುಗೆಂಪು ಬಣ್ಣದವರು ಮೊದಲ ಸರ್ವೀಸಿನ ಮರುದಿನವೇ ನೋಡಿ ನೋಯುತ್ತಾರೆ. ಈ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕಡಿಮೆ ಸಂಬಳಕ್ಕೆ ದಿನವಿಡೀ ನೀರಿನಲ್ಲಿ ನಿಂತು ದುಡಿಯುವವರಿಗೆ ಯಾರೂ ಎರಡು ಬಕೆಟು ಕೊಟ್ಟಿಲ್ಲ, ಹತ್ತು ಶುಭ್ರವಾದ ಬಟ್ಟೆಗಳನ್ನೂ ಕೊಟ್ಟಿಲ್ಲ.

ಎಂಜಿನಿನ ಭಾಗಕ್ಕೆ ಒತ್ತಡದ ನೀರು ಹೊಡೆಯುವುದು ಇನ್ನೊಂದು ರೂಢಿ. ಹಿಂದಿನ ಕಾಲದ ಕಾರ್ಬುರೇಟರ್ ಎಂಜಿನಿಗೆ ಅದನ್ನು ಹೇಗೋ ತಾಳಿಕೊಳ್ಳುವ ಶಕ್ತಿಯಿತ್ತು. ಇಂದಿನ ಎಂಜಿನಿನ ಸುತ್ತ ಹತ್ತಾರು ಸೆನ್ಸರುಗಳು, ಅವುಗಳಿಗೆ ಹೋಗುವ ತಂತಿಗಳ ಜೋಡಣೆಗಳು, ಆಲ್ಟರ್ನೇಟರ್, ಫ್ಯೂಸಿನ ಪೆಟ್ಟಿಗೆ ಇವೆ. ಅವುಗಳ ರಬ್ಬರು ಮುಚ್ಚಳಗಳು ಮಳೆಯ ಎರಚಲನ್ನು ತಡೆಯುತ್ತವೆಯೇ ಹೊರತು ಒಂದಡಿ ದೂರದಿಂದ ನೇರವಾಗಿ ಚಿಮ್ಮುವ ಧಾರೆಯನ್ನಲ್ಲ. ಅನೇಕ ಪೆಟ್ರೋಲ್ ಎಂಜಿನುಗಳಲ್ಲಿ ಸ್ಪಾರ್ಕ್ ಪ್ಲಗ್ಗುಗಳು ಮೇಲ್ಭಾಗದ ಆಳವಾದ ಕುಳಿಗಳಲ್ಲಿ ಕೂತಿರುತ್ತವೆ. ಒಳಹೊಕ್ಕ ನೀರು ಅಲ್ಲಿಂದ ಹೊರಹೋಗಲು ದಾರಿಯಿಲ್ಲ. ಎಂಜಿನ್ ಬಿಸಿಯಾದಾಗ ಆವಿಯಾಗಿ, ರಾತ್ರಿ ತಣಿದಾಗ ಮತ್ತೆ ಹನಿಯಾಗಿ ಅಲ್ಲಿಯೇ ಉಳಿಯಬಹುದು. ಕಿಡಿ ಪ್ಲಗ್ಗಿನ ತುದಿಯಲ್ಲಿ ಹಾರುವ ಬದಲು ಒದ್ದೆಯ ದಾರಿ ಹಿಡಿದು ಲೋಹಕ್ಕೆ ಸೋರಿಹೋದರೆ ಆ ಸಿಲಿಂಡರಿನ ಪೆಟ್ರೋಲ್ ಉರಿಯದು. ಎಂಜಿನ್ ನಡುಗುತ್ತದೆ, ಹಳದಿ ದೀಪ ಮಿಟುಕುತ್ತದೆ. ಆ ದೀಪ ಸುಮ್ಮನೆ ಉರಿಯುತ್ತಿದ್ದರೆ ಮೆಲ್ಲನೆ ಗ್ಯಾರೇಜಿಗೆ ಒಯ್ಯಬಹುದು. ಮಿಟುಕುತ್ತಿದ್ದರೆ ಆದಷ್ಟು ಬೇಗ ನಿಲ್ಲಿಸಬೇಕು. ಉರಿಯದ ಪೆಟ್ರೋಲ್ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಟ್ಟುಬಿಡಬಹುದು. ಆ ಭಾಗದ ಬೆಲೆ ಹಲವು ವರ್ಷಗಳ ಸರ್ವೀಸಿನ ಖರ್ಚಿಗೆ ಸಮ.

ಉಪ್ಪಳದ ಶಿಷ್ಯ ಗಾಳಿ ಊದಿ ಕುಳಿಗಳನ್ನು ಒಣಗಿಸಿ, ಕಾಯಿಲುಗಳನ್ನು ಬಿಸಿಲಿಗಿಟ್ಟು, ಒಂದು ಗಂಟೆಯ ಬಳಿಕ ಮರಳಿ ಕೂರಿಸಿದ. ಹಣ ತೆಗೆದುಕೊಳ್ಳಲಿಲ್ಲ. ಆದರೆ ಕಾರನ್ನು ಕಳುಹಿಸುವ ಮುನ್ನ ವಾಡಿಕೆಯಂತೆ ಡಿಪ್‌ಸ್ಟಿಕ್ ಎಳೆದು ಒರೆಸಿ ನೋಡಿದವನು ಹುಬ್ಬೇರಿಸಿದ. ಎಣ್ಣೆ ಮೇಲಿನ ಗುರುತನ್ನು ದಾಟಿ ಒಂದು ಬೆರಳಿನಷ್ಟು ಮೇಲಿತ್ತು.

ಎಂಜಿನ್ ಆಯಿಲ್ ಕಡಿಮೆಯಾದರೆ ಕೇಡೆಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕೇಡೆಂಬುದನ್ನು ನಂಬುವವರು ಕಡಿಮೆ. ಎಣ್ಣೆಯ ಮಟ್ಟ ಮಿತಿಮೀರಿ ಏರಿದಾಗ ವೇಗವಾಗಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದರಲ್ಲಿ ಮುಳುಗಿ, ಮಜ್ಜಿಗೆ ಕಡೆದಂತೆ ಕಡೆಯುತ್ತದೆ. ನೊರೆಯೆದ್ದ ಎಣ್ಣೆಯಲ್ಲಿ ಗಾಳಿ ಸೇರಿರುವುದರಿಂದ ಬೇರಿಂಗುಗಳಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಸೀಲುಗಳ ಬದಿಯಿಂದ ಎಣ್ಣೆ ಒಸರುವುದೂ ಉಂಟು. ಸಣ್ಣ ಪೆಟ್ರೋಲ್ ಕಾರಿಗೆ ಬೇಕಾದ ಎಣ್ಣೆ ಸಾಮಾನ್ಯವಾಗಿ 3ರಿಂದ 4 ಲೀಟರ್. ಡಿಪ್‌ಸ್ಟಿಕ್ಕಿನ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಇರುವ ಅಂತರವೇ ಹೆಚ್ಚೆಂದರೆ ಸುಮಾರು 1 ಲೀಟರ್. ಆದುದರಿಂದ ಅರ್ಧ ಲೀಟರ್ ಹೆಚ್ಚು ಸುರಿದರೆ ಅದು ಔದಾರ್ಯವಲ್ಲ. ಅವಸರದಲ್ಲಿ ಹಳೆಯ ಎಣ್ಣೆ ಪೂರ್ತಿ ಇಳಿಯುವ ಮೊದಲೇ ಬೋಲ್ಟ್ ಬಿಗಿದು ಲೆಕ್ಕದ ಹೊಸ ಎಣ್ಣೆಯನ್ನು ಸುರಿಯುವುದರಿಂದ ಸಾಮಾನ್ಯವಾಗಿ ಹೀಗಾಗುತ್ತದೆ. ಶಿಷ್ಯ ಕೆಳಗಿನ ಬೋಲ್ಟನ್ನು ಸಡಿಲಿಸಿ ಹೆಚ್ಚಿನದನ್ನು ಇಳಿಸಬೇಕಾಯಿತು. ಆ ಬೋಲ್ಟೋ, ಯಾರೋ ಗಾಳಿಯ ಗನ್ನಿನಿಂದ ಬಿಗಿದಂತೆ ಕಚ್ಚಿ ಕೂತಿತ್ತು.

ಆ ದಿನ ಮಾಸ್ತರರ ಪತ್ನಿ ಆಸ್ಪತ್ರೆ ತಲಪುವಾಗ ಹತ್ತೂಕಾಲು. ಯಂತ್ರ ಸಿಕ್ಕಿದ್ದು ಮಧ್ಯಾಹ್ನದ ಮೇಲೆ, ಯಾರೋ ಬಾರದೆ ಹೋದದ್ದರಿಂದ. ಮನೆಗೆ ಮರಳುವಾಗ ರಾತ್ರಿ ಒಂಬತ್ತು.

ಮುಂದಿನ ಸರ್ವೀಸಿನ ವೇಳೆಗೆ ಮಾಸ್ತರರು ಮಾಡಿದ ಮೊದಲ ಕೆಲಸವೆಂದರೆ ಕೈಪಿಡಿ ಓದಿದ್ದು. ಗ್ಲವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಸಹ ಹರಿಯದೆ ಎರಡು ವರ್ಷ ಮಲಗಿದ್ದ ಪುಸ್ತಕ ಅದು. ಅದರಲ್ಲಿ ಯಾವ ಎಣ್ಣೆ, ಎಷ್ಟು, ಯಾವ ಕಿಲೋಮೀಟರಿಗೆ ಯಾವ ಕೆಲಸ ಎಂಬುದೆಲ್ಲ ಕೋಷ್ಟಕವಾಗಿಯೇ ಇತ್ತು. ಎಣ್ಣೆಯ ಮೇಲೆ ಬರೆದಿರುವ 0ಡಬ್ಲ್ಯು-20, 5ಡಬ್ಲ್ಯು-30 ಎಂಬ ಗುರುತುಗಳ ಪದ್ಧತಿ ಅಮೆರಿಕದ ಆಟೊಮೊಬೈಲ್ ಎಂಜಿನಿಯರುಗಳ ಸಂಘ 1911ರಲ್ಲಿ ಆರಂಭಿಸಿದ ವರ್ಗೀಕರಣದಿಂದ ಬೆಳೆದುಬಂದದ್ದು. ಮೊದಲ ಅಂಕೆ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ ಕೊನೆಯ ಅಂಕೆ 100 ಡಿಗ್ರಿ ಬಿಸಿಯಲ್ಲಿ ಅದರ ಮಂದತೆಯನ್ನೂ ಸೂಚಿಸುತ್ತದೆ. ‘ನಮ್ಮ ಸೆಕೆಗೆ ದಪ್ಪ ಎಣ್ಣೆಯೇ ಒಳ್ಳೆಯದು’ ಎಂಬ ಉಪದೇಶ ಸರ್ವೀಸ್ ಕೇಂದ್ರಗಳಲ್ಲಿಯೂ ಕೇಳಿಬರುವುದುಂಟು. ಹೊರಗಿನ ಸೆಕೆ 35 ಡಿಗ್ರಿಯಾದರೂ 20 ಡಿಗ್ರಿಯಾದರೂ ಬಿಸಿಯೇರಿದ ಎಂಜಿನಿನೊಳಗೆ ಎಣ್ಣೆಯ ಬಿಸಿ ಹೆಚ್ಚುಕಡಿಮೆ ಒಂದೇ. ಕೈಪಿಡಿಯಲ್ಲಿ ಎರಡು ದರ್ಜೆಗಳಿಗೆ ಅನುಮತಿಯಿದ್ದರೆ ಆಯ್ದುಕೊಳ್ಳಬಹುದು, ಇಲ್ಲದಿದ್ದರೆ ಆಯ್ಕೆಯ ಪ್ರಶ್ನೆಯೇ ಏಳದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳವರು ಇದರಲ್ಲಿ ಇನ್ನೂ ಎಚ್ಚರದಿಂದಿರಬೇಕು. ಅವುಗಳ ಹೊಗೆಸೋಸುಕಕ್ಕೆ ಬೂದಿ ಕಡಿಮೆಯಿರುವ ಎಣ್ಣೆಯೇ ಆಗಬೇಕು. ಬೇರೆ ಎಣ್ಣೆ ಅದನ್ನು ಕಟ್ಟಿಸಿಬಿಡುತ್ತದೆ.

ಎರಡನೆಯ ಕೆಲಸ ಜಾಬ್ ಕಾರ್ಡಿಗೆ ಸಂಬಂಧಿಸಿದ್ದು. ಬೆಳಗಿನ ಗದ್ದಲದಲ್ಲಿ ಸರ್ವೀಸ್ ಅಡ್ವೈಸರ್ ಒಂದು ಹಾಳೆಯನ್ನು ಮುಂದೆ ಚಾಚಿ ‘ಇಲ್ಲೊಂದು ಸಹಿ ಸರ್’ ಎನ್ನುತ್ತಾನೆ. ಹಾಳೆ ಇಂಗ್ಲಿಷಿನಲ್ಲಿರುತ್ತದೆ, ಅಕ್ಷರ ಸಾಸಿವೆಯಷ್ಟಿರುತ್ತದೆ, ಗ್ರಾಹಕನ ಕನ್ನಡಕ ಕಾರಿನಲ್ಲಿರುತ್ತದೆ. ಸಹಿ ಮಾಡಿದ ಮೇಲೆ ಆ ಹಾಳೆಯಲ್ಲಿ ಇದ್ದದ್ದೇ ಪ್ರಮಾಣ. ಕಾರಿನಲ್ಲಿ ಮೊದಲೇ ಗೀರುಗಳಿದ್ದವೆಂದು ಅದರಲ್ಲಿ ಗುರುತಿಸಿದ್ದರೆ ಸಂಜೆ ಕಂಡ ಹೊಸ ಗೀರಿಗೂ ಅದೇ ಉತ್ತರ. ಮಾಸ್ತರರು ಈ ಸಲ ನಿಧಾನವಾಗಿ ಓದಿದರು. ಎಂಟು ಗಂಟೆಯ ಬೆಳಕಿನಲ್ಲಿ ಕಾರಿನ ನಾಲ್ಕು ಬದಿಗಳನ್ನೂ ಛಾವಣಿಯನ್ನೂ ಚಕ್ರಗಳನ್ನೂ ಕಿಲೋಮೀಟರಿನ ಅಂಕೆಯನ್ನೂ ಅಡ್ವೈಸರನ ಎದುರಿನಲ್ಲಿಯೇ ಮೊಬೈಲಿನಲ್ಲಿ ಚಿತ್ರ ತೆಗೆದರು. ಬಳಿಕ ಕಾರ್ಡಿನಲ್ಲಿ ಬರೆಸಿದ್ದು ಇಷ್ಟು: ಮೈ ತೊಳೆಯಬಾರದು, ಒರೆಸಬಾರದು, ಎಂಜಿನಿನ ಭಾಗಕ್ಕೆ ನೀರು, ಮೆರುಗಿನ ದ್ರವ ಬೇಡ, ಎಣ್ಣೆ ಮೇಲಿನ ಗುರುತನ್ನು ಮೀರಬಾರದು, ಕೈಪಿಡಿಯಲ್ಲಿಲ್ಲದ ಯಾವ ಕೆಲಸಕ್ಕೂ ಮೊದಲು ಫೋನು ಮಾಡಬೇಕು.

ಅಡ್ವೈಸರ್ ನಕ್ಕನಂತೆ. “ವಾಷಿಂಗ್ ಫ್ರೀ ಅಲ್ವಾ ಸರ್, ಬೇಡ ಅಂದ್ರೂ ಬಿಲ್ಲು ಕಡಿಮೆಯಾಗುವುದಿಲ್ಲ.” ಕಡಿಮೆಯಾಗುವುದು ಬೇಡವೆಂದು ಮಾಸ್ತರರು ಹೇಳಿದರು. ಸರ್ವೀಸಿನ ವೇಳೆ ಕಾರು ತೊಳೆಸಲಿಲ್ಲವೆಂಬ ಕಾರಣಕ್ಕೆ ಎಂಜಿನಿನ ವಾರಂಟಿ ತಪ್ಪಿಹೋಗುವುದಿಲ್ಲವೆಂಬುದನ್ನೂ ಅವರು ಆಗಲೇ ಓದಿಕೊಂಡಿದ್ದರು. ಆದರೆ ಕಾರಿನ ಕೆಳಭಾಗವನ್ನು ಮೇಲಕ್ಕೆತ್ತಿ ತೊಳೆಯುವುದನ್ನು ಅವರು ತಡೆಯಲಿಲ್ಲ, ಅದು ಸರಿಯೂ ಹೌದು. ಆಟಿಯ ಮಳೆಯಲ್ಲಿ ತೋಟದ ದಾರಿಯ ಕೆಸರು ಮೆತ್ತಿಕೊಂಡ ಅಡಿಭಾಗದಲ್ಲಿ ಎಣ್ಣೆ ಒಸರುವುದಾಗಲಿ ರಬ್ಬರು ಹರಿದಿರುವುದಾಗಲಿ ಕೆಲಸಗಾರನಿಗೆ ಕಾಣಿಸದು. ಕಡಲತೀರದ ಉಪ್ಪಿನ ಗಾಳಿಗೆ ಆ ಕೆಸರು ತುಕ್ಕಿನ ತವರಾಗುತ್ತದೆ. ತೊಳೆದಾದ ಮೇಲೆ ಅಡಿಗೆ ಡೀಸೆಲ್ ಸಿಂಪಡಿಸುವ ಹಳೆಯ ಪದ್ಧತಿ ಕೆಲವೆಡೆ ಇನ್ನೂ ಇದೆ. ಅದಕ್ಕೆ ಮಾತ್ರ ಒಪ್ಪಬಾರದು, ಡೀಸೆಲ್ ತಗುಲಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಕಾರ್ಡಿನಲ್ಲಿ ಬರೆದದ್ದು ತೊಳೆಯುವ ಹುಡುಗನಿಗೆ ತಲಪುತ್ತದೆಂಬ ಭರವಸೆಯಿಲ್ಲ. ಆತ ಕಾರ್ಡನ್ನು ನೋಡುವುದಿಲ್ಲ, ಸಾಲಿನಲ್ಲಿ ಬಂದ ಕಾರಿಗೆ ನೀರು ಹೊಡೆಯುತ್ತಾನೆ. ಕನ್ನಡ, ತುಳು, ಮಲಯಾಳಗಳಲ್ಲಿ ಹೇಳಿದರೂ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗನಿಗೆ ಅರ್ಥವಾಗಬೇಕೆಂದಿಲ್ಲ. ಆದುದರಿಂದ ಮಾಸ್ತರರು ಏಳನೆಯ ತರಗತಿಯ ಮೊಮ್ಮಗಳಿಂದ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ‘ತೊಳೆಯಬೇಡಿ’ ಎಂದು ಹಿಂದಿಯಲ್ಲಿ ಬರೆಸಿ, ಪಕ್ಕದಲ್ಲಿ ನೀರಿನ ಕೊಳವೆಯ ಚಿತ್ರಕ್ಕೆ ಕೆಂಪು ಅಡ್ಡಗೆರೆ ಹಾಕಿಸಿ, ಗಾಜಿನ ಒಳಬದಿಗೆ ಅಂಟಿಸಿದ್ದರು. ಅಷ್ಟು ವರ್ಷ ಭಾಷೆ ಕಲಿಸಿದವರಿಗೆ ಕೊನೆಗೆ ಚಿತ್ರವೇ ಗತಿಯಾಯಿತೆಂದು ಅವರೇ ನಕ್ಕರು.

ಬಣ್ಣಕ್ಕೆ ತೊಳೆತದಿಂದಲ್ಲದೆ ಬೇರೆ ಅಪಾಯಗಳೂ ಇವೆ. ಬಾನೆಟ್ ತೆರೆದು ಬಾಗುವ ಮೆಕ್ಯಾನಿಕನ ಬೆಲ್ಟಿನ ಕೊಂಡಿ ಮಡ್‌ಗಾರ್ಡಿನ ಮೇಲೆ ಒರಗುತ್ತದೆ. ಅಲ್ಲಿ ಹೊದಿಸುವ ದಪ್ಪ ಹಾಳೆ ಎಲ್ಲ ಕೇಂದ್ರಗಳಲ್ಲಿಯೂ ಇರುತ್ತದೆ, ಹಾಕಲು ಹೇಳಬೇಕು ಅಷ್ಟೆ. ಬ್ರೇಕಿನ ದ್ರವ ಇವೆಲ್ಲಕ್ಕಿಂತ ಕೆಟ್ಟದ್ದು. ಒಂದು ಹನಿ ಬಣ್ಣದ ಮೇಲೆ ಬಿದ್ದು ಉಳಿದರೆ ಬಣ್ಣ ಉಬ್ಬಿ ಕಿತ್ತುಬರುತ್ತದೆ. ಬಿದ್ದ ಕೂಡಲೇ ಧಾರಾಳ ನೀರು ಸುರಿಯಬೇಕು. ಬಟ್ಟೆಯಲ್ಲಿ ಒರೆಸಿದರೆ ಹರಡುತ್ತದೆ. ಗಾಳಿಯ ಗನ್ನಿನಿಂದ ಬಿಗಿದ ಚಕ್ರದ ನಟ್ಟುಗಳು ಬಣ್ಣದ ವಿಷಯವಲ್ಲವಾದರೂ ಇಲ್ಲಿಯೇ ಹೇಳಬೇಕಾದ ಮಾತು: ಚೆರ್ಕಳ–ಜಾಲ್ಸೂರು ರಸ್ತೆಯ ಕಾಡಿನ ನಡುವೆ ರಾತ್ರಿ ಟಯರು ಪಂಕ್ಚರ್ ಆದಾಗ, ಕಾರಿನೊಂದಿಗೆ ಕೊಟ್ಟ ಸಣ್ಣ ಸ್ಪ್ಯಾನರಿಗೆ ಅವು ಜಗ್ಗುವುದಿಲ್ಲ. ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದಲೇ ಮಾಡಬೇಕೆಂದು ಕೇಳುವುದು ಅಧಿಕಪ್ರಸಂಗವಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಫೋನು ಬಂತು. ಎಂಜಿನ್ ಫ್ಲಷ್ ಮಾಡಿದರೆ ಒಳ್ಳೆಯದು, ಮೈಗೆ ಟೆಫ್ಲಾನ್ ಲೇಪ ಕೊಡಿಸಿದರೆ ಗೀರುಗಳೆಲ್ಲ ಮಾಯ, ಎರಡೂ ಸೇರಿದರೆ ರಿಯಾಯಿತಿ. ಫ್ಲಷ್ ಎಂಬುದು ಕೈಪಿಡಿಯ ಕೋಷ್ಟಕದಲ್ಲಿರಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ಟೆಫ್ಲಾನಿನ ಕಥೆ ತುಸು ರಂಜಕ. 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಅನಿರೀಕ್ಷಿತವಾಗಿ ಸಿಕ್ಕ ಈ ವಸ್ತುವಿನ ಮುಖ್ಯ ಗುಣವೇ ಯಾವುದೂ ಅದಕ್ಕೆ ಅಂಟದಿರುವುದು. ದೋಸೆಯ ಕಾವಲಿಗೆ ಅದನ್ನು ಹಿಡಿಸಲು 300 ಡಿಗ್ರಿಗೂ ಮೀರಿದ ಬಿಸಿ ಬೇಕು. ಅಷ್ಟು ಬಿಸಿಯನ್ನು ಕಾರಿನ ಬಾಗಿಲಿಗೆ ಕೊಟ್ಟರೆ ಬಣ್ಣವೂ ಉಳಿಯದು. ಆ ಹೆಸರಿನಲ್ಲಿ ಹಚ್ಚುವುದರಿಂದ ಬರುವ ಹೊಳಪು ಬಹುಪಾಲು ಅದರೊಂದಿಗಿನ ಮೇಣದ್ದು ಮತ್ತು ಅದಕ್ಕೆ ಮುನ್ನ ನಡೆಯುವ ತೇಯುವಿಕೆಯದ್ದು. ಮೇಣ ಗೀರನ್ನು ಕೆಲವು ವಾರ ಮುಚ್ಚುತ್ತದೆ, ಮಳೆಗೆ ತೊಳೆದುಹೋಗುತ್ತದೆ.

ಸಂಜೆ ಹಣ ಕಟ್ಟುವ ಮೊದಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಕಾದು, ಮಾಸ್ತರರು ತಾವೇ ಡಿಪ್‌ಸ್ಟಿಕ್ ಎಳೆದರು. ಎಣ್ಣೆ ಎರಡು ಗುರುತುಗಳ ನಡುವೆ, ಮೇಲಿನದಕ್ಕೆ ಹತ್ತಿರ. ಬಣ್ಣ ಜೇನಿನಂತೆ. ಪೆಟ್ರೋಲ್ ಎಂಜಿನಿನಲ್ಲಿ ಇದು ಹೊಸ ಎಣ್ಣೆಯ ಲಕ್ಷಣ. ಡೀಸೆಲಿನವರು ಮಾತ್ರ ಬಣ್ಣ ನೋಡಿ ಜಗಳಕ್ಕೆ ನಿಲ್ಲಬಾರದು, ಅಲ್ಲಿ ಹೊಸ ಎಣ್ಣೆಯೂ ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗುತ್ತದೆ. ಹಳೆಯ ಎಣ್ಣೆಯ ಫಿಲ್ಟರಿನ ಮೇಲೆ ಅವರು ಮುನ್ನಾದಿನ ಉಪ್ಪಳದ ಶಿಷ್ಯನಿಂದ ಬಿಳಿ ಬಣ್ಣದ ಒಂದು ಚುಕ್ಕೆ ಹಾಕಿಸಿದ್ದರು. ಈಗ ಚುಕ್ಕೆಯಿಲ್ಲದ ಫಿಲ್ಟರ್ ಅಲ್ಲಿತ್ತು. ತೆಗೆದ ಭಾಗಗಳನ್ನು ತೋರಿಸಿರೆಂದಾಗ ಚುಕ್ಕೆಯ ಫಿಲ್ಟರನ್ನೂ ಬೋಲ್ಟಿನ ಹಳೆಯ ವಾಷರನ್ನೂ ಒಂದು ಪೊಟ್ಟಣದಲ್ಲಿ ಕೊಟ್ಟರು. ಕೆಲಸ ಶುದ್ಧವಾಗಿಯೇ ನಡೆದಿತ್ತು. ಅದೇ ಕೇಂದ್ರ, ಅದೇ ಜನ.

ಮೊದಲ ಸಲದ ಹಾನಿಗೆ ದೂರು ಕೊಡಬಹುದಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಕೊಡಬಹುದಿತ್ತು, ಆದರೆ ಚಿತ್ರಗಳಿಲ್ಲ, ಕಾರ್ಡಿನಲ್ಲಿ ಬರೆಹವಿಲ್ಲ, ಇದ್ದದ್ದು ಸಹಿ ಮಾತ್ರ. ಪುರಾವೆಯುಳ್ಳವರಿಗೆ ಕಾನೂನು ಈಗ ಮೊದಲಿಗಿಂತ ಅನುಕೂಲವಾಗಿದೆ, ಅದರಲ್ಲಿಯೂ ಗಡಿಯ ಈಚೆ ಇದ್ದು ಗಡಿಯ ಆಚೆ ವ್ಯವಹರಿಸುವವರಿಗೆ. 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದವನು ಇರುವಲ್ಲಿ ಅಥವಾ ಘಟನೆ ನಡೆದಲ್ಲಿ ದೂರು ಸಲ್ಲಿಸಬೇಕಿತ್ತು. ಮಂಗಳೂರಿನ ಸರ್ವೀಸಿನ ಮೇಲಿನ ದೂರಿಗೆ ಸಾಮಾನ್ಯವಾಗಿ ಮಂಗಳೂರಿಗೇ ಅಲೆಯಬೇಕಾಗುತ್ತಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೂ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಬದಿಯಡ್ಕದವರು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರಬಹುದು. ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸಬೇಕು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ ನೋಡಬಹುದು. ಸರ್ವೀಸ್ ಕೇಂದ್ರದವರಿಗೆ ಕಾರನ್ನು ಹಿಂಪಡೆದ ದಿನವೇ ಲಿಖಿತವಾಗಿ ತಿಳಿಸಿದ್ದರೆ ಇವೆಲ್ಲಕ್ಕೂ ಬಲ ಬರುತ್ತದೆ.

ಆ ಸಂಜೆ ಮಾಸ್ತರರ ಕಾರು ಹೋದಷ್ಟೇ ಧೂಳಿನೊಂದಿಗೆ ಮರಳಿತು. ಛಾವಣಿಯ ಮೇಲೆ ಹಿಂದಿನ ದಿನ ಕಾಗೆ ಬಿಟ್ಟ ಗುರುತೂ ಹಾಗೆಯೇ ಇತ್ತು. ಹಲಸಿನ ಮರದ ಅಡಿಯಿಂದ ದೂರವಾಗಿ, ಕೊಟ್ಟಿಗೆಯ ನೆರಳಿನಲ್ಲಿ ಕಾರನ್ನು ನಿಲ್ಲಿಸಿ, ಅವರು ಬಾವಿಯಿಂದ ಎರಡು ಬಕೆಟು ನೀರು ಸೇದಿಸಿದರು. ಒಂದು ಸಾಬೂನಿಗೆ, ಒಂದು ಬಟ್ಟೆಯ ಮಣ್ಣು ಬಿಡಿಸಲು. ಮೊದಲು ಬರಿಯ ನೀರು ಸುರಿದು ಕೆಂಪು ಧೂಳನ್ನೆಲ್ಲ ಇಳಿಸಿ, ಆಮೇಲೆ ಮೇಲಿನಿಂದ ಕೆಳಕ್ಕೆ ಉದ್ದುದ್ದನೆ ಒರೆಸತೊಡಗಿದರು. ಇಲ್ಲಿಯ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ, ಬಿಸಿಲಿನಲ್ಲಿ ಒಣಗಿದರೆ ಹಳದಿ ಕಲೆ ನಿಲ್ಲುತ್ತದೆ, ಅದಕ್ಕಾಗಿಯೇ ನೆರಳು. ಚಕ್ರಗಳ ಸರದಿ ಕೊನೆಗೆ, ಬೇರೆ ಬಟ್ಟೆಯಲ್ಲಿ.

ಪತ್ನಿ ಚಾವಡಿಯ ಕುರ್ಚಿಯಿಂದಲೇ ನೋಡುತ್ತಿದ್ದರು.

“ಸರ್ವೀಸಿಗೆ ಕೊಟ್ಟಿರಲಿಲ್ಲವೋ?” ಎಂದು ಕೇಳಿದರು.

“ಕೊಟ್ಟಿದ್ದೆ. ನಾಳೆ ಏಳೂವರೆಗೇ ಹೊರಡುವ,” ಎಂದರು ಮಾಸ್ತರರು.